ಮೂಸಕ್ಕ ಉಳಿಸಿದ ನೀರು

ಗೋಡೆಯಾಚೆಯ ಸಾಲುಮನೆಗಳ ನಲ್ಲಿಗೆ ಬರುತ್ತಿದ್ದ ನೀರನ್ನು ಕಳೆದ ತಿಂಗಳು ನಿಲ್ಲಿಸಲಾಯಿತು. ಆ ನೀರು ಈಗ ಬಡಾವಣೆಯ ಗೇಟಿನ ಬಳಿ ಹೊಸದಾಗಿ ಹಾಸಿದ ಹುಲ್ಲಿಗೆ ಹೋಗುತ್ತದೆ. ಸಾಲುಮನೆಗಳಲ್ಲಿ ಹನ್ನೊಂದು ಸಂಸಾರಗಳಿವೆ. ಹುಲ್ಲಿನ ಮೇಲೆ ಯಾರೂ ಕಾಲಿಡಬಾರದೆಂದು ಫಲಕ ಹಾಕಿದ್ದಾರೆ.

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಬಡಾವಣೆಯ ಮನೆಗಳ ಬೆನ್ನಿಗಿರುವ ಸಂದಿಯಲ್ಲಿ ತಳ್ಳುಗಾಡಿಯೊಂದು ಕಿರುಗುಡುತ್ತಾ ಬರುತ್ತಿದೆ. ಗಾಡಿಯ ಮೇಲೆ ಎರಡು ಪೀಪಾಯಿ, ಒಂದು ತಗಡಿನ ಚೊಂಬು, ಸೋಸಲು ಹಳೆಯ ಬಟ್ಟೆಯ ತುಂಡು. ತಳ್ಳುತ್ತಿರುವ ಹೆಂಗಸು ತಮ್ಮ ಉಡುಪಿನ ಮೇಲೆ ಗಂಡನ ಅಂಗಿ ತೊಟ್ಟು ತೋಳು ಮಡಚಿದ್ದಾರೆ. ಒಂದೊಂದು ಮನೆಯ ಹಿತ್ತಲ ಮೆಟ್ಟಿಲ ಮೇಲೂ ಎರಡೆರಡು ಬಕೆಟ್ಟು ಕಾದು ಕೂತಿವೆ. ನೀಲಿಯದರಲ್ಲಿ ಅಡುಗೆಮನೆಯ ನೀರು: ಅಕ್ಕಚ್ಚು, ತರಕಾರಿ ತೊಳೆದದ್ದು, ಲೋಟ ಅಲುಬಿದ್ದು. ಕೆಂಪಿನದರಲ್ಲಿ ಬಟ್ಟೆ ಒಗೆದ, ಮೈ ತೊಳೆದ ಸಾಬೂನು ನೀರು. ಅವರು ಬಗ್ಗುತ್ತಾರೆ, ನೀಲಿ ಬಕೆಟ್ಟಿನ ಬಾಯಿಗೆ ಮೂಗು ತರುತ್ತಾರೆ, ಒಮ್ಮೆ ಉಸಿರೆಳೆದುಕೊಂಡು ನೀರನ್ನು ಪೀಪಾಯಿಗೆ ಸುರಿಯುತ್ತಾರೆ. ಇದರಿಂದಲೇ ಬೀದಿ ಅವರಿಗೆ ಮೂಸಕ್ಕ ಎಂದು ಹೆಸರಿಟ್ಟಿದೆ. ಇಟ್ಟವರು ತಮಾಷೆಗೆ ಇಟ್ಟರು. ಈಗ ಅವರನ್ನು ಬೇರೆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ.

"ಈ ಮನೇಲಿ ನಿನ್ನೆ ನೆಂಟರು" ಎನ್ನುತ್ತಾರೆ ಮೂಸಕ್ಕ, ತುಳುಕುತ್ತಿರುವ ಬಕೆಟ್ಟನ್ನು ಎತ್ತುತ್ತಾ. "ಆ ಮೂಲೆ ಮನೇಲಿ ಗಂಡ ಹೆಂಡ್ತಿ ಮಾತು ಬಿಟ್ಟಿದ್ದಾರೆ. ಒಲೆ ಹಚ್ಚಿದ್ರೆ ತಾನೇ ಬಕೆಟ್ಟು ತುಂಬೋದು? ನಾನು ಯಾರ ಹತ್ರಾನೂ ಬಾಯಿ ಬಿಡಲ್ಲಪ್ಪ. ಬಿಟ್ರೆ ನಾಳೆಯಿಂದ ಬಕೆಟ್ಟೇ ಇಡಲ್ಲ ಅವರು."

ಮೂಸುವುದು ಗೀಳಲ್ಲ, ಪೆಟ್ಟು ತಿಂದು ಕಲಿತದ್ದು. ಒಂದು ಮನೆಗೆ ಹೊಸದಾಗಿ ಬಂದ ಬಾಡಿಗೆಯವರು, ಬಕೆಟ್ಟು ಇಡಬೇಕು ಎಂದಷ್ಟೇ ಕೇಳಿಸಿಕೊಂಡು, ನೆಲ ಒರೆಸಿದ ಫಿನೈಲು ನೀರನ್ನೇ ನೀಲಿ ಬಕೆಟ್ಟಿಗೆ ತುಂಬಿಸಿ ಇಟ್ಟರು. ಅದು ಪಕ್ಕದ ಮನೆಯ ನಿಂಬೆಗಿಡದ ಬುಡ ಸೇರಿತು. ಕಾಯಿ ಹಿಡಿದಿದ್ದ ಗಿಡ ಎಲೆ ಉದುರಿಸಿ ಕೋಲಾಯಿತು. ಗಿಡದ ಒಡತಿ ಒಂದು ವಾರ ಮೂಸಕ್ಕನ ಮುಖ ನೋಡಲಿಲ್ಲ. ಬಾಡಿಗೆಯವರು ಮಾತ್ರ, "ನಾವು ಬಕೆಟ್ಟು ಇಟ್ಟಿದ್ವಲ್ಲ?" ಎಂದು ಕೊನೆಯವರೆಗೂ ಮುಗ್ಧರಾಗಿಯೇ ಉಳಿದರು.

ಹದಿನಾಲ್ಕು ಮನೆಗಳ ಕೈತೋಟ ಇವರ ಕೈಯಲ್ಲಿದೆ. ಯಾವುದಕ್ಕೂ ಪೈಪು ಹಿಡಿಯುವುದಿಲ್ಲ. ತರಕಾರಿ ಮಡಿಗಳ ನಡುವೆ ಮಣ್ಣಿನ ಮಡಕೆಗಳನ್ನು ಕುತ್ತಿಗೆಯವರೆಗೆ ಹೂತಿದ್ದಾರೆ. ಸೋಸಿದ ನೀರನ್ನು ಮಡಕೆಗೆ ತುಂಬಿ ಬಿಲ್ಲೆಕಲ್ಲು ಮುಚ್ಚಿದರೆ ಮುಗಿಯಿತು. ನೀರು ಮಡಕೆಯ ಮೈಯಿಂದ ಒಸರುತ್ತದೆ, ಬೇರು ತನಗೆ ಬೇಕಾದಷ್ಟು ಹೀರಿಕೊಳ್ಳುತ್ತದೆ, ಮೇಲಿನ ಮಣ್ಣು ಒಣಗಿಯೇ ಇರುತ್ತದೆ, ಕಳೆ ಹುಟ್ಟುವುದಿಲ್ಲ. ಮರಗಳಿಗೆ ಬುಡದಲ್ಲಿ ಪಾತಿ ಇಲ್ಲ. ಕೊಂಬೆಯ ತುದಿಯ ನೆರಳು ಎಲ್ಲಿ ಬೀಳುತ್ತದೋ ಅಲ್ಲಿ ಸುತ್ತಲೂ ಕಾಲುವೆ ತೋಡಿದ್ದಾರೆ. ಉದುರಿದ ಎಲೆಯನ್ನು ಗುಡಿಸಿ ಸುಡುವುದಿಲ್ಲ, ದಪ್ಪ ಹೊದಿಕೆ ಮಾಡಿ ಮಣ್ಣಿಗೆ ಹೊದಿಸುತ್ತಾರೆ. ಸಾಬೂನು ನೀರು ಮರಳು, ಇದ್ದಿಲು ತುಂಬಿದ ಪೀಪಾಯಿಯ ಮೂಲಕ ಇಳಿದು ಬಾಳೆಯ ಗುಂಡಿಗೆ ಹೋಗುತ್ತದೆ. ಮಳೆ ಬಂದರೆ ತಾರಸಿಯ ನೀರು ಡ್ರಮ್ಮಿಗೆ, ಡ್ರಮ್ಮು ತುಂಬಿದರೆ ಜಲ್ಲಿಕಲ್ಲಿನ ಗುಂಡಿಗೆ. ನೀರು ಗೇಟು ದಾಟಿ ರಸ್ತೆಗೆ ಹೋದರೆ ಮೂಸಕ್ಕನಿಗೆ ಮನೆಯ ಮಗು ತಪ್ಪಿಸಿಕೊಂಡಷ್ಟು ಗಾಬರಿ.

ಮಡಕೆಯ ಉಪಾಯ ಅವರ ಸ್ವಂತದ್ದಲ್ಲ. ಅದನ್ನು ಯಾವುದೋ ಪುಸ್ತಕದಲ್ಲಿ ಓದಿ ಹೇಳಿದವರು ಎರಡನೇ ಮನೆಯ ನಿವೃತ್ತ ಟೀಚರಮ್ಮ. ಇಬ್ಬರೂ ಸೇರಿ ಮೊದಲ ಸಲ ಎಡವಿದ್ದೂ ಒಟ್ಟಿಗೇ. ಅಂಗಳಕ್ಕೆ ಚೆಂದ ಕಾಣಲೆಂದು ಬಣ್ಣ ಬಳಿದು ಮಿರುಗು ಕೊಟ್ಟ ಮಡಕೆಗಳನ್ನು ಆರಿಸಿ ತಂದರು. ಹೂತರು, ತುಂಬಿಸಿದರು, ಕಾದರು. ಟೊಮೆಟೊ ಗಿಡ ತಲೆ ಬಾಗಿಸಿತು. ಮಡಕೆಯ ಮುಚ್ಚಳ ತೆಗೆದು ನೋಡಿದರೆ ಹಾಕಿದ ನೀರು ಹಾಕಿದ ಹಾಗೇ ಇದೆ.

"ಇವರೇನೋ ಓದಿದವರು ಅಂತ ನಾನು ಸುಮ್ಮನಿದ್ದೆ" ಎಂದು ಮೂಸಕ್ಕ ಕೆಣಕುತ್ತಾರೆ.

ಟೀಚರಮ್ಮ ಬಿಡುವವರಲ್ಲ. "ಬಣ್ಣದ್ದೇ ಬೇಕು ಅಂತ ಅಂಗಡಿಯಲ್ಲಿ ಹಟ ಹಿಡಿದೋರು ಯಾರೇ? ನವಿಲಿನ ಚಿತ್ರ ಇದೆ, ಅದೇ ಕೊಡಿ ಅಂದೋರು?"

"ನವಿಲನ್ನ ಮಣ್ಣಲ್ಲಿ ಹೂಳ್ತೀವಿ ಅಂತ ನನಗೇನು ಗೊತ್ತು ಟೀಚರಮ್ಮ!"

ಇಬ್ಬರೂ ನಗುತ್ತಾರೆ. ಈ ನಗು ಆ ಅಂಗಳದಲ್ಲಿ ಇತ್ತೀಚೆಗೆ ಅಪರೂಪವಾಗಿದೆ. ಕಾರಣ ತಿಳಿಯಬೇಕಾದರೆ ಗೋಡೆಯ ವಿಷಯಕ್ಕೆ ಬರಬೇಕು.

ಬಡಾವಣೆಯ ಹಿಂದೆ ಆಳೆತ್ತರದ ಗೋಡೆಯಿದೆ. ಗೋಡೆಯಲ್ಲಿ ಕೆಲಸದವರು ಬಂದುಹೋಗಲು ಒಂದು ಕಿರುಬಾಗಿಲು. ಆಚೆ ಬದಿಯಲ್ಲಿ ಒಂದಕ್ಕೊಂದು ಬೆನ್ನು ಆನಿಸಿಕೊಂಡು ನಿಂತ ಸಾಲುಮನೆಗಳು. ಈಚೆಯ ನೆಲ ಒರೆಸುವವರು, ಬಟ್ಟೆ ಇಸ್ತ್ರಿ ಮಾಡುವವರು, ಕಾರು ತೊಳೆಯುವವರು ಇರುವುದು ಅಲ್ಲಿ. ಮೂಸಕ್ಕನ ಮನೆಯೂ ಅಲ್ಲೇ. ಈಚೆ ಬದಿಯಲ್ಲಿ ಕೊಳವೆಬಾವಿ, ಪಂಪ್‌ ಮನೆ, ಎತ್ತರದ ಟ್ಯಾಂಕು. ಮನೆಗಳಿಗೆ ಒಂದು ಲೈನು, ಕೈತೋಟಗಳಿಗೆ ಇನ್ನೊಂದು. ಹಿಂದೆಲ್ಲ ಬೆಳಗಾದರೆ ತೋಟದ ಲೈನು ಬಿಡುತ್ತಿದ್ದರು. ಗುಲಾಬಿಗೆ ಸಾಕಾಗಿ ಮಿಕ್ಕಿದ್ದು ಅಂಗಳ ತೊಳೆದು, ರಸ್ತೆ ತೊಳೆದು, ಚರಂಡಿ ಸೇರುತ್ತಿತ್ತು. ಅದೇ ಹೊತ್ತಿಗೆ ಆಚೆಯ ಹೆಂಗಸರು ಕೊಡ, ಕ್ಯಾನು ಹಿಡಿದು ಹೆದ್ದಾರಿ ದಾಟಿ, ಲಾರಿಗಳ ನಡುವೆ ನುಸುಳಿ, ದೂರದ ಸಾರ್ವಜನಿಕ ನಲ್ಲಿಗೆ ಹೋಗುತ್ತಿದ್ದರು. ರಸ್ತೆ ತೊಳೆಯುವ ನೀರನ್ನು ದಾಟಿಕೊಂಡು ನೀರು ತರಲು ಹೋಗುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ರೂಢಿಯೆಂದರೆ ಅದು.

ಮೂಸಕ್ಕನಿಗೆ ಕಂಡಿತು. ಮೂರು ವರ್ಷದ ಹಿಂದೆ, ಟೀಚರಮ್ಮನ ಅಂಗಳದಲ್ಲಿ ಬಡಾವಣೆಯ ಸಮಿತಿಯವರು ಕುರ್ಚಿ ಹಾಕಿಕೊಂಡು ಕೂತಿದ್ದಾಗ, ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡು ಅವರು ಮುಂದೆ ಬಂದು ನಿಂತರು.

"ಗಿಡಗಳನ್ನ ನನಗೆ ಬಿಟ್ಟುಬಿಡಿ. ತೋಟದ ಲೈನು ನನಗೆ ಬೇಡ. ಗಿಡ ಒಣಗಿದ್ರೆ ನನ್ನನ್ನ ಕೇಳಿ. ಒಣಗದಿದ್ರೆ ಆ ಲೈನಿನ ನೀರು ನಮ್ಮ ಸಾಲಿಗೆ ಬಿಡಿ."

"ಗಿಡಕ್ಕೇನು ಉಪವಾಸ ಹಾಕ್ತೀಯಾ?" ಎಂದು ಯಾರೋ ನಕ್ಕರು. ಆದರೆ ಒಪ್ಪಿದರು. ಗಿಡ ಹೇಗೂ ಒಣಗುತ್ತದೆ ಎಂಬ ಧೈರ್ಯದ ಮೇಲೆ ಒಪ್ಪಿದರೋ ಏನೋ. ಗಿಡ ಒಣಗಲಿಲ್ಲ. ಬಿರುಬೇಸಿಗೆಯಲ್ಲೂ ದಾಳಿಂಬೆ ಹೂ ಬಿಟ್ಟಿತು. ಸಮಿತಿ ಮಾತಿಗೆ ಕಟ್ಟುಬಿದ್ದು ಗೋಡೆಯಡಿಯಲ್ಲಿ ಕೊಳವೆ ಹಾಯಿಸಿ, ಆಚೆ ಒಂದು ನಲ್ಲಿ ಹಾಕಿಸಿತು.

ಮೊದಲ ದಿನ ನಲ್ಲಿ ತಿರುಗಿಸಿದವರು ಮೂಸಕ್ಕನ ನಾದಿನಿ. ಪಕ್ಕದ ಮನೆಯಲ್ಲೇ ಇರುವ, ಕತ್ತರಿಯಂಥ ನಾಲಿಗೆಯ ಹೆಂಗಸು. ಕೊಡ ಇಡುವುದನ್ನೇ ಮರೆತು ನೀರಿನ ಕೆಳಗೆ ಅಂಗೈ ಚಾಚಿ ನಿಂತುಬಿಟ್ಟರು. ಎಲ್ಲರ ಕಣ್ಣೂ ತೇವವಾಗಿದ್ದ ಆ ಹೊತ್ತಿನಲ್ಲಿ ಮೂಸಕ್ಕ ಕೂಗಿದ್ದು ಒಂದೇ ಮಾತು: "ಏಯ್, ಚೆಲ್ತಾ ಇದೆ ಕಣೇ!"

ಕಳೆದ ವರ್ಷ ಸಮಿತಿಗೆ ಹೊಸ ಅಧ್ಯಕ್ಷರು ಬಂದರು. ದನಿ ಎತ್ತುವವರಲ್ಲ, ಕೆಲಸದವರನ್ನೂ 'ಅಮ್ಮಾ' ಎಂದೇ ಮಾತಾಡಿಸುವವರು. ಬಡಾವಣೆಗೆ ಬಂದವರಿಗೆ ಮೊದಲು ಕಾಣುವುದು ಗೇಟು, ಗೇಟಿನ ಬಳಿ ಹಸಿರಿರಬೇಕು ಎಂಬುದು ಅವರ ಆಸೆ. ಚಾಪೆಯಂತೆ ಸುತ್ತಿದ ಹುಲ್ಲು ಲಾರಿಯಲ್ಲಿ ಬಂದು ಇಳಿಯಿತು. ಹುಲ್ಲಿಗೆ ಬೆಳಿಗ್ಗೆಯೂ ನೀರು ಬೇಕು, ಸಂಜೆಯೂ ಬೇಕು. ನೀರು ಎಲ್ಲಿಂದ? "ತೋಟದ ಲೈನು ಹೇಗೂ ಉಳಿತಾಯ ಆಗಿದೆಯಲ್ಲ" ಎಂದರು ಅಧ್ಯಕ್ಷರು. ಉಳಿದ ನೀರು ಅಂತ ಅದಕ್ಕೆ ಹೆಸರು ಬಿತ್ತು. ಆ ನೀರಿನಲ್ಲಿ ಎರಡು ವರ್ಷದಿಂದ ಹನ್ನೊಂದು ಮನೆಯ ಅನ್ನ ಬೇಯುತ್ತಿದೆ, ಮಕ್ಕಳ ಸ್ನಾನ ಆಗುತ್ತಿದೆ ಎಂಬುದು ಯಾವ ನಡಾವಳಿಯಲ್ಲೂ ಇರಲಿಲ್ಲ. ಒಪ್ಪಂದ ಬಾಯಿಮಾತಿನದು. ಆಗ ಮಾತು ಕೊಟ್ಟಿದ್ದ ಅಧ್ಯಕ್ಷರು ಊರು ಬಿಟ್ಟಿದ್ದರು.

ಸಭೆಯಲ್ಲಿ ಟೀಚರಮ್ಮ ಬೇಡ ಎಂದು ಕೈ ಎತ್ತಿದರು. "ಸುತ್ತ ನೋಡಿದೆ. ನನ್ನದೊಂದೇ ಕೈ" ಎನ್ನುತ್ತಾರೆ ಅವರು. ಉಳಿದ ಹದಿಮೂರು ಮನೆಯವರೂ ಒಳ್ಳೆಯವರೇ. ಮೂಸಕ್ಕನಿಗೆ ಹಳೆಯ ಬಟ್ಟೆ ಕೊಡುತ್ತಾರೆ, ಜ್ವರ ಬಂದರೆ ಮಾತ್ರೆ ಕೊಡುತ್ತಾರೆ, ಅವರು ಬೆಳೆಸಿದ ಬದನೆಕಾಯಿಯ ಫೋಟೊ ತೆಗೆದು ನೆಂಟರಿಗೆ ಕಳಿಸುತ್ತಾರೆ. ಕೈ ಎತ್ತಿ ಎಂದಾಗ ಮಾತ್ರ ಎಲ್ಲರ ಕೈಯೂ ಮಡಿಲಲ್ಲೇ ಇತ್ತು. ವ್ಯಾಲ್ವು ತಿರುಗಿತು. ಆಚೆ ನಲ್ಲಿ ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು.

ಸಾಲುಮನೆಗಳ ಹೆಂಗಸರು ಮತ್ತೆ ಹೆದ್ದಾರಿ ದಾಟತೊಡಗಿದ್ದಾರೆ. ನಾದಿನಿಯ ಭುಜ ಉಳುಕಿದೆ. ಕ್ಯಾನನ್ನು ಎಡಗೈಗೆ ಬದಲಾಯಿಸಿಕೊಂಡಿದ್ದಾರೆ, ನಾಲಿಗೆಯನ್ನಲ್ಲ. ಮೂಸಕ್ಕ ಗಾಡಿ ತಳ್ಳಿಕೊಂಡು ಕಿರುಬಾಗಿಲು ದಾಟುತ್ತಿದ್ದಂತೆ ಶುರು.

"ಬಂದ್ಯಾ ಅತ್ತಿಗೆ? ಅವರ ಗುಲಾಬಿ ಕುಡೀತಾ? ಹೊಟ್ಟೆ ತುಂಬ್ತಾ? ನಮ್ಮ ಖಾಲಿ ಕೊಡಾನೂ ಒಂದ್ಸಲ ಮೂಸಿ ನೋಡು, ಏನಾದ್ರೂ ಗೊತ್ತಾಗುತ್ತೇನೋ."

ಮೂಸಕ್ಕ ಗಾಡಿಯಿಂದ ಖಾಲಿ ಪೀಪಾಯಿ ಇಳಿಸುತ್ತಾರೆ. ಅಡುಗೆಮನೆಯ ಎಂಜಲು ನೀರನ್ನು ಒಂದು ಹನಿಯೂ ಚೆಲ್ಲದೆ ಹೊತ್ತದ್ದು ತಾವು, ಅದರ ಲಾಭ ಹುಲ್ಲಿಗೆ. ಸಾಲಿನವರ ಲೆಕ್ಕದಲ್ಲಿ ಇದೆಲ್ಲ ಮೂಸಕ್ಕ ಮಾಡಿದ್ದೇ. ಇವಳು ಉಳಿಸದೇ ಇದ್ದಿದ್ದರೆ ಅವರಿಗೆ ಹುಲ್ಲು ಹಾಸುವ ಆಲೋಚನೆ ಬರುತ್ತಿತ್ತೇ ಎಂದು ಕೆಲವರು ಎದುರಿಗೇ ಕೇಳಿದ್ದಾರೆ.

"ಅವರ ಮಾತಲ್ಲಿ ತಪ್ಪೇನಿದೆ?" ಎನ್ನುತ್ತಾರೆ ಮೂಸಕ್ಕ, ಮಡಕೆಯೊಂದಕ್ಕೆ ಬಿಲ್ಲೆಕಲ್ಲು ಮುಚ್ಚುತ್ತಾ. "ನಾನೇ ತಾನೇ ಮುಂದೆ ನಿಂತು ಮಾತಾಡಿದ್ದು. ನೀರು ಬಂದಾಗ ನನ್ನನ್ನ ಹೊಗಳಿದ್ರು. ನಿಂತಾಗ ಬೈಬಾರದು ಅಂದ್ರೆ ಹ್ಯಾಗೆ?"

ಹಾಗಾದರೆ ಬಕೆಟ್ಟು ಎತ್ತುವುದನ್ನು ನಿಲ್ಲಿಸಬಹುದಲ್ಲ? ಹದಿನಾಲ್ಕು ಅಂಗಳ ಒಣಗಿದರೆ ಸಮಿತಿಗೆ ಬಿಸಿ ಮುಟ್ಟುತ್ತದಲ್ಲ? ಸಾಲಿನ ಯುವಕರು ಇದನ್ನೂ ಹೇಳಿದ್ದಾರೆ. ಮೂಸಕ್ಕ ತಲೆಯಾಡಿಸುತ್ತಾರೆ. "ಆಗ ತೋಟಕ್ಕೂ ಪೈಪು ಬಿಡ್ತಾರೆ. ಇನ್ನಷ್ಟು ನೀರು ಅವರಿಗೇ ಹೋಗುತ್ತೆ. ಅಷ್ಟಕ್ಕೂ ಗಿಡ ಏನು ಮಾಡಿತ್ತು? ಅದು ಕೈ ಎತ್ತಲಿಲ್ಲ ಅಂತ ಅದರ ಮೇಲೆ ಸಿಟ್ಟು ಮಾಡ್ಲಾ?"

ಈ ವಾರ ಇನ್ನೊಂದು ಘಟನೆ ನಡೆದಿದೆ. ಸಾಲಿನ ಹೆಂಗಸರು ಖಾಲಿ ಕೊಡ ಹಿಡಿದು ದಿನಾ ಬೆಳಿಗ್ಗೆ ಗೇಟಿನ ಹುಲ್ಲಿನ ಅಂಚಿಗೆ ಬಂದು ಸುಮ್ಮನೆ ನಿಲ್ಲತೊಡಗಿದ್ದರು. ಕೂಗಿಲ್ಲ, ಘೋಷಣೆಯಿಲ್ಲ. ಅಧ್ಯಕ್ಷರು ಮೂಸಕ್ಕನನ್ನು ಪಂಪ್‌ ಮನೆಯ ಬಳಿಗೆ ಕರೆಸಿದರು. ಪಂಪು ಓಡುತ್ತಿತ್ತು. ಪಕ್ಕದಲ್ಲೇ ಹುಲ್ಲಿನ ಪೈಪು ತುಂಬು ಧಾರೆಯಲ್ಲಿ ಸುರಿಯುತ್ತಿತ್ತು.

"ನಿಮ್ಮ ಜನಕ್ಕೆ ಸ್ವಲ್ಪ ತಿಳಿಹೇಳಿಮ್ಮಾ. ಬೋರಲ್ಲಿ ನೀರು ಕೆಳಗೆ ಇಳಿದಿದೆ, ಏನೂ ಮಾಡೋಕಾಗಲ್ಲ ಅಂತ. ನಾವು ಹೇಳಿದ್ರೆ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ."

"ಇಳಿದಿಲ್ವಲ್ಲ ಸಾರ್?"

"ಒಂದಿನ ಇಳಿಯುತ್ತಮ್ಮಾ. ಎಲ್ಲಾ ಬೋರೂ ಇಳಿಯುತ್ತೆ." ಅಧ್ಯಕ್ಷರು ದನಿಯನ್ನು ಇನ್ನೂ ತಗ್ಗಿಸಿದರು. "ನಿಮ್ಮ ಯಜಮಾನರಿಗೆ ಕಾಲು ಬರಲ್ಲ ಅಂತ ಕೇಳಿದೀನಿ. ಅವರಿಗೋಸ್ಕರ ನಿಮ್ಮ ಮನೆಗೆ ಮಾತ್ರ ಒಂದು ಲೈನು ಎಳೆಸ್ತೀನಿ. ಒಳಗಡೇನೇ, ಬಚ್ಚಲಿಗೆ. ಹೊರಗಿನವರಿಗೆ ಕಾಣಲ್ಲ."

"ಬೋರು ಇಳಿದಿದ್ರೆ ನನ್ನ ಬಚ್ಚಲಿಗೆ ನೀರು ಎಲ್ಲಿಂದ ಬರುತ್ತೆ ಸಾರ್?"

"ಅಷ್ಟು ಇದ್ದೇ ಇರುತ್ತಮ್ಮಾ. ನಾಳೆ ಬೆಳಿಗ್ಗೆ ಪ್ಲಂಬರನ್ನ ಕರ್ಕೊಂಡು ನಾನೇ ಬರ್ತೀನಿ. ಎಲ್ಲರ ಎದುರಿಗೆ ಒಂದು ಮಾತು ಹೇಳಿ, ಸಾಕು."

ಬಚ್ಚಲಿಗೆ ಒಂದು ನಲ್ಲಿ. ಮನೆಯೊಳಗೇ ನಲ್ಲಿ ಇದ್ದು ಬೆಳೆದವರಿಗೆ ಇದರ ತೂಕ ತಿಳಿಯುವುದಿಲ್ಲ. ಮೂಸಕ್ಕನ ಗಂಡ ಈಗ ಹೊಲಿಗೆಯವರು. ಮೊದಲು ಗಾರೆ ಕೆಲಸದಲ್ಲಿದ್ದರು, ಕಟ್ಟಡದ ಸಾರುವೆಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕೈಯಿಂದ ತಿರುಗಿಸುವ ಮೆಷಿನ್ನು ಇಟ್ಟುಕೊಂಡು ಹರಿದ ಬಟ್ಟೆಗೆ ತೇಪೆ ಹಾಕುತ್ತಾರೆ, ಗುಂಡಿ ಹೊಲಿಯುತ್ತಾರೆ. ಅವರ ಮೈ ತೊಳೆಯಲು, ಹಾಸಿಗೆ ಬಟ್ಟೆ ಒಗೆಯಲು ಬೇಕಾದ ನೀರೆಲ್ಲ ಹೆಂಡತಿಯ ತಲೆಯ ಮೇಲೆ ಹೆದ್ದಾರಿ ದಾಟಿ ಬರಬೇಕು. ನಲ್ಲಿ ನಿಂತ ಮೇಲೆ ಅವರು ದಿನ ಬಿಟ್ಟು ದಿನ ಸ್ನಾನ ಮಾಡುತ್ತಾರೆ. ಕೇಳಿದರೆ, "ಬೆವರೋ ಕೆಲಸ ನಾನೇನು ಮಾಡ್ತೀನಿ?" ಎಂದು ಹಾರಿಸುತ್ತಾರೆ. ಮಾತಿನಲ್ಲಿ ಅವರನ್ನು ಹಿಡಿಯುವವರಿಲ್ಲ. "ಊರವರ ಬಕೆಟ್ಟೆಲ್ಲ ಮೂಸಿ ಬರ್ತಾಳೆ, ನನ್ನ ಹತ್ರ ಬಂದಾಗ ಮಾತ್ರ ಇವಳಿಗೆ ನೆಗಡಿ" ಎಂಬುದು ಅವರ ಹಳೆಯ ತಕರಾರು.

ಅಂದು ಸಂಜೆ ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಅವರು ಮೆಷಿನ್ನಿನ ಗಾಲಿಯ ಮೇಲೆ ಕೈ ಇಟ್ಟು ಕೂತರು.

"ಬಚ್ಚಲಲ್ಲೇನೇ?"

"ಹೂಂ ಕಣ್ರೀ. ಬಚ್ಚಲಲ್ಲೇ."

"ನನಗೆ ಕೈ ಎಟಕುತ್ತೆ ಹಾಗಾದ್ರೆ. ನಾನೇ ತಿರುಗಿಸ್ಕೊಂಡು ನಾನೇ ಮೈಮೇಲೆ ಹುಯ್ಕೋಬಹುದು." ಎಷ್ಟೋ ವರ್ಷದಿಂದ ಇನ್ನೊಬ್ಬರ ಕೈಯಿಂದ ಸ್ನಾನ ಮಾಡಿಸಿಕೊಂಡ ಮನುಷ್ಯ ಆಡಿದ ಮಾತು ಅದು. ಮೂಸಕ್ಕ ಬೇರೆ ಕಡೆ ನೋಡಿದರು.

ಗಂಡ ಬೆರಳ ಗೆಣ್ಣಿನಿಂದ ಪಕ್ಕದ ಗೋಡೆ ತಟ್ಟಿದರು. ಆಚೆಯಿಂದ ತಕ್ಷಣ ತಂಗಿಯ ಕೂಗು: "ಏನಣ್ಣಾ? ಕರೆದ್ಯಾ?"

"ಇಲ್ಲಮ್ಮಾ, ಏನೂ ಇಲ್ಲ, ಮಲ್ಕೋ" ಎಂದು ಕೂಗಿ, ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಇಷ್ಟು ತೆಳು ಗೋಡೆ ಇದು. ಪೈಪು ಕಾಣದ ಹಾಗೆ ಹೂಳಬಹುದು ಕಣೇ. ನೀರು ಬೀಳೋ ಸದ್ದನ್ನ ಎಲ್ಲಿ ಹೂಳ್ತೀಯ?"

"ಬೇಡ ಅಂತೀರಾ ಹಾಗಾದ್ರೆ?"

"ಬೇಡ ಅಂತಾನೂ ಹೇಳಲ್ಲ, ಬೇಕು ಅಂತಾನೂ ಹೇಳಲ್ಲ. ಹೊರೋ ತಲೆ ನಿನ್ನದು. ನನ್ನ ಕಾಲಿನ ನೆಪ ಮಾತ್ರ ಹೇಳಬೇಡ. ಅವರೂ ಹೇಳೋದು ಬೇಡ."

ಮರುದಿನ ಬೆಳಿಗ್ಗೆ ಮೂಸಕ್ಕ ಎಂದಿನಂತೆ ಹದಿನಾಲ್ಕು ಹಿತ್ತಿಲು ಮುಗಿಸಿ ಗಾಡಿಯೊಂದಿಗೆ ಸಾಲಿಗೆ ಬರುವ ಹೊತ್ತಿಗೆ ಅಧ್ಯಕ್ಷರು ಬಂದಾಗಿದೆ. ಕಿರುಬಾಗಿಲಲ್ಲಿ ಅವರು ತಲೆ ಬಗ್ಗಿಸಿ ದಾಟಿದ್ದು ಇದೇ ಮೊದಲು. ಹಿಂದೆ ಪ್ಲಂಬರು, ಹೆಗಲ ಮೇಲೆ ಸುರುಳಿ ಸುತ್ತಿದ ಪೈಪು. ಹೆದ್ದಾರಿಗೆ ಹೊರಟಿದ್ದ ಹೆಂಗಸರು ಕ್ಯಾನು, ಕೊಡ ಕೆಳಗಿಟ್ಟು ಸುತ್ತ ನಿಂತಿದ್ದಾರೆ. ನಾದಿನಿಯ ಕಣ್ಣು ಮೊದಲು ಹೋಗಿರುವುದು ಪೈಪಿನ ಮೇಲೆ, ಆಮೇಲೆ ಅತ್ತಿಗೆಯ ಮೇಲೆ.

"ಇದೇನತ್ತಿಗೆ, ಪೈಪು ಯಾರ ಮನೆಗೆ?"

ಮೂಸಕ್ಕ ಗಾಡಿ ನಿಲ್ಲಿಸಿ, ಉರುಳದಂತೆ ಗಾಲಿಗೆ ಕಲ್ಲು ಕೊಡುತ್ತಾರೆ. ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

"ನೋಡಿ, ನಿಮ್ಮವರೇ ಬಂದ್ರು" ಎನ್ನುತ್ತಾರೆ ಅಧ್ಯಕ್ಷರು ಸುತ್ತಲಿನವರಿಗೆ, ನಗುಮುಖದಲ್ಲೇ. "ಇವರಿಗಿಂತ ನೀರಿನ ವಿಷಯ ಗೊತ್ತಿರೋರು ಇಲ್ಲಿ ಯಾರಿದ್ದಾರೆ? ಇವರೇ ಹೇಳಲಿ. ಹೇಳಿಮ್ಮಾ, ಬೋರಿನ ಪರಿಸ್ಥಿತಿ ಏನು ಅಂತ ಹೇಳಿ."

ಮನೆಯ ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿದೆ. ಮೂಸಕ್ಕ ಆ ಕಡೆ ನೋಡುವುದಿಲ್ಲ. ಪ್ಲಂಬರನ ಹೆಗಲಿನ ಪೈಪನ್ನೂ ನೋಡುವುದಿಲ್ಲ.

"ಹೇಳಿಮ್ಮಾ" ಎಂದು ಇನ್ನೊಮ್ಮೆ ಅಧ್ಯಕ್ಷರು. ಈ ಸಲ ನಗು ಇಲ್ಲ.

"ಬೋರಲ್ಲಿ ನೀರಿದೆ ಸಾರ್. 'ಇದೆ, ಆದ್ರೆ ನಿಮಗೆ ಕೊಡಲ್ಲ' ಅಂತ ನಿಮ್ಮ ಬಾಯಲ್ಲೇ ಇವರಿಗೆ ಹೇಳಿ. ನಾನು ಹೇಳಲ್ಲ."